ಒಳಗಿನ ಆಸಿಡ್, ಹೊರಗಿನ ಆಸಿಡ್

“ಏನಮ್ಮ ತೊಂದರೆ?” ಎಂದು ಕನಕಪುರದ ಕ್ಲಿನಿಕ್ಕಿನ ಡಾಕ್ಟರು ಕೇಳಿದರು.

“ಆಸಿಡ್ ಸಾರ್. ಎದೆ ಉರೀತದೆ. ಕೆಮ್ಮು ಬ್ಯಾರೆ,” ಎಂದೆ ನಾನು.

“ಆಸಿಡಿಟಿನಾ?” ಎಂದವರು ಆಗಲೇ ಚೀಟಿ ಬರೆಯತೊಡಗಿದ್ದರು. “ಖಾರ ಕಮ್ಮಿ ಮಾಡಿ. ಕಾಫಿ, ಟೀ ಬಿಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.”

ನಾನು ಹೂಂ ಎಂದು ತಲೆ ಅಲ್ಲಾಡಿಸಿದೆ. ಹಾಗೆ ತಲೆ ಅಲ್ಲಾಡಿಸಿದ್ದಕ್ಕೆ ಒಂದೂವರೆ ವರ್ಷ ದಂಡ ತೆತ್ತಿದ್ದೇನೆ. ಡಾಕ್ಟರನ್ನು ಬೈಯಲು ನನಗೆ ಮನಸ್ಸಿಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನ ಕೂತಿದ್ದರು, ಒಂದು ಮಗು ಕಿಟಾರನೆ ಕಿರುಚುತ್ತಿತ್ತು, ಕಾಂಪೌಂಡರು ಎರಡು ಸಲ ಬಾಗಿಲು ತೆರೆದು ಇಣುಕಿದ್ದ. ನಮ್ಮ ಕಡೆ ಹೊಟ್ಟೆ ಉಬ್ಬರಿಸಿದರೂ ಆಸಿಡ್, ಹುಳಿತೇಗು ಬಂದರೂ ಆಸಿಡ್, ಬಚ್ಚಲು ತೊಳೆಯುವುದೂ ಆಸಿಡ್. ಅವರಾದರೂ ಇದರಲ್ಲಿ ಯಾವುದೆಂದು ತಿಳಿಯಬೇಕು? ನಾನು ಹೇಳಿದ್ದು ಇದಾವುದೂ ಅಲ್ಲ, ಇನ್ನೊಂದು.

ನನ್ನ ಹೆಸರು ಸುಶೀಲ. ಸಾತನೂರಿನ ಹತ್ತಿರದ ಒಂದು ಹಳ್ಳಿ. ಗಂಡ ಕೆಂಪರಾಜು ಹಿಪ್ಪುನೇರಳೆ ತೋಟ, ಎರಡು ಹಸು ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಅತ್ತೆ, ಆಗ ಹತ್ತನೇ ಕ್ಲಾಸಿನಲ್ಲಿದ್ದ ಮಗಳು ಚೈತ್ರ. ನಾನು ಹನ್ನೊಂದು ವರ್ಷದಿಂದ ಕನಕಪುರದ ಹೊರಗೆ ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಸೆಂಟರಿಗೆ ಬಸ್ಸಿನಲ್ಲಿ ಹೋಗಿ ಬಂದು ಕೆಲಸ ಮಾಡುತ್ತಿದ್ದೇನೆ. ರೇಷ್ಮೆ ಬೆಳೆಯುವವರಿಗೆ ಹುಳ ಗೊತ್ತು, ಗೂಡು ಗೊತ್ತು. ಮೊಟ್ಟೆ ಎಲ್ಲಿಂದ ಬರುತ್ತದೆಂದರೆ ಸೆಂಟರಿಂದ ಅನ್ನುತ್ತಾರೆ. ಸೆಂಟರಿನೊಳಗೆ ಏನು ನಡೆಯುತ್ತದೆಂದು ನನ್ನ ಗಂಡನಿಗೇ ಸರಿಯಾಗಿ ಗೊತ್ತಿರಲಿಲ್ಲ.

ನಡೆಯುವುದು ಇಷ್ಟು. ಬಿಳಿ ಗೂಡಿನ ಜಾತಿಯ ಚಿಟ್ಟೆ ಇಟ್ಟ ಮೊಟ್ಟೆ ತಾನಾಗಿ ಒಡೆಯುವುದಿಲ್ಲ, ತಿಂಗಳುಗಟ್ಟಲೆ ನಿದ್ದೆ ಹೋಗಿಬಿಡುತ್ತದೆ. ರೈತನಿಗೆ ಅಷ್ಟು ದಿನ ಕಾಯಲಾಗುವುದಿಲ್ಲವಲ್ಲ, ಅದನ್ನು ಎಬ್ಬಿಸಬೇಕು. ಎಬ್ಬಿಸುವುದು ಆಸಿಡ್. ಚಿಟ್ಟೆ ಮೊಟ್ಟೆಯಿಟ್ಟ ಮಾರನೇ ದಿನ, ಮೊಟ್ಟೆ ಅಂಟಿದ ಹಾಳೆಗಳನ್ನು ಬಿಸಿ ಮಾಡಿದ ಆಸಿಡ್ ನೀರಿನಲ್ಲಿ ಐದು ನಿಮಿಷ ಅದ್ದಿ ತೆಗೆಯುತ್ತೇವೆ. ಆಮೇಲೆ ಹರಿಯುವ ನೀರಿನಲ್ಲಿ ಹುಳಿ ಪೂರ್ತಿ ಹೋಗುವವರೆಗೆ ತೊಳೆದು ನೆರಳಿನಲ್ಲಿ ಒಣಗಿಸುತ್ತೇವೆ. ಸೆಂಟರಿನಲ್ಲಿ ನಾವು ಇದಕ್ಕೆ ಸ್ನಾನ ಅನ್ನುತ್ತೇವೆ. ಸ್ನಾನ ಸರಿಯಾಗಿ ಆಗಿದ್ದರೆ ಹತ್ತು ಹನ್ನೊಂದು ದಿನಕ್ಕೆ ಹುಳ ಹೊರಗೆ ಬರುತ್ತದೆ. ಆಸಿಡ್ ಗಟ್ಟಿಯಾದರೆ ಮೊಟ್ಟೆ ಸಾಯುತ್ತದೆ, ತೆಳುವಾದರೆ ನಿದ್ದೆ ಬಿಡುವುದಿಲ್ಲ. ಆ ಸ್ನಾನ ಮಾಡಿಸುವವಳು ನಾನು.

ಜಂಬ ಅಂದರೆ ಅನ್ನಲಿ, ಅದರಲ್ಲಿ ನನಗೆ ಹೆಸರಿತ್ತು. ದೊಡ್ಡಆಲಹಳ್ಳಿ, ಉಯ್ಯಂಬಳ್ಳಿ ಕಡೆಯ ರೈತರು ಬಂದರೆ “ಸುಸೀಲಮ್ಮ ಸ್ನಾನ ಮಾಡ್ಸಿರೋ ಮೊಟ್ಟೆ ಇದ್ರೆ ಕೊಡಿ” ಎಂದು ಕೇಳುತ್ತಿದ್ದರು. ಆಸಿಡ್ ಎಷ್ಟು ಗಟ್ಟಿ ಇದೆಯೆಂದು ನೋಡಲು ತೇಲಿಬಿಡುವ ಗಾಜಿನ ಮೀಟರ್ ಒಂದಿದೆ. ನನಗೆ ಅದು ಬೇಕಾಗಿರಲಿಲ್ಲ. ಮಾಸ್ಕನ್ನು ಗಲ್ಲಕ್ಕೆ ಎಳೆದು, ತೊಟ್ಟಿಯ ಮೇಲೆ ಬಗ್ಗಿ ಒಂದು ಸಲ ಮೂಸಿದರೆ ಸಾಕು, ಒಸಿ ನೀರಾಗೈತೆ, ಒಸಿ ಜೋರೈತೆ ಎಂದು ಹೇಳಿಬಿಡುತ್ತಿದ್ದೆ. ಆಮೇಲೆ ಮೀಟರ್ ಬಿಟ್ಟು ನೋಡಿದರೆ ಅದೂ ಅದನ್ನೇ ಹೇಳುತ್ತಿತ್ತು. ನೋಡಿದವರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನನ್ನ ಮೂಗಿನ ಮೇಲೆ ಮಾಸ್ಕ್ ಇರಬೇಕಿತ್ತು ಎಂದು ಆಗ ಯಾರಿಗೂ, ನನಗೂ, ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಆ ಕೋಣೆಯ ಕಿಟಕಿಯ ಸರಳುಗಳು ಬಣ್ಣ ಬಳಿದ ಮೂರನೇ ತಿಂಗಳಿಗೇ ತುಕ್ಕು ಹಿಡಿದು ಸಿಪ್ಪೆ ಏಳುತ್ತಿದ್ದವು. ನನ್ನ ತಲೆಯ ಪಿನ್ನು ಒಂದು ವಾರಕ್ಕೆ ಕೆಂಪಾಗಿ ಕೂದಲಿಗೆ ಕಲೆ ಹತ್ತಿಸುತ್ತಿತ್ತು. ಮಳೆಗಾಲದ ತೇವದಲ್ಲಿ ಕ್ಯಾನಿನ ಮುಚ್ಚಳ ತಿರುಗಿಸಿದರೆ ಸಾಂಬ್ರಾಣಿ ಹಾಕಿದಂತೆ ಬಿಳಿ ಹೊಗೆ. ಆಸಿಡ್ ಕ್ಯಾನು ತಂದುಹಾಕುವ ವ್ಯಾನಿನ ಡ್ರೈವರ್ ಮಾದೇಶನಿಗೆ ಪ್ರತಿ ಸಲವೂ ಇದೇ ಆಶ್ಚರ್ಯ. “ಅಲ್ಲ ಕಣಕ್ಕ, ಇದೇ ಮಾಲು ಒಂದ್ ಫ್ಯಾಕ್ಟ್ರಿಗೆ ಕಬ್ಬಿಣದ್ ತುಕ್ಕು ತಿನ್ನಕ್ಕೆ ಓಯ್ತದೆ. ಇನ್ನೊಂದ್ಕಡೆ ಮೂಳೆ ಕರಗ್ಸಿ ಕ್ಯಾಪ್ಸೂಲ್ ಮಾತ್ರೆ ಸಿಪ್ಪೆ ಮಾಡಕ್ಕೆ ಓಯ್ತದೆ. ನೀರು ಬೆರ್ಸುದ್ರೆ ಕಕ್ಕಸ್ ತೊಳ್ಯಕ್ಕೆ. ನೀವ್ ನೋಡುದ್ರೆ ಮೊಟ್ಟೆಗೆ ನೀರ್ ಉಯ್ದಂಗ್ ಉಯ್ತೀರಿ!” ಎನ್ನುತ್ತಿದ್ದ. ಕಬ್ಬಿಣ ತಿನ್ನುವುದು ಮನುಷ್ಯರನ್ನು ಬಿಡುತ್ತದೆಯೇ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರೂ ನಕ್ಕು ಟೀ ಕುಡಿದೆವು.

ಕೆಮ್ಮು ಶುರುವಾದದ್ದು ಯಾವಾಗ ಎಂದು ನಿಖರವಾಗಿ ಹೇಳಲಾರೆ. ಮೊದಲು ಗಂಟಲಲ್ಲಿ ಕೂದಲು ಸಿಕ್ಕಿದಂತೆ. ಆಮೇಲೆ ಎದೆಯ ನಡುವೆ ಉರಿ. ಬಸ್‌ಸ್ಟ್ಯಾಂಡಿನಿಂದ ಸೆಂಟರಿಗೆ ನಡೆಯುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಆಗ ಹೋಗಿದ್ದು ಆ ಕ್ಲಿನಿಕ್ಕಿಗೆ, ಹೇಳಿದ್ದು ಆ ಮಾತು, ತಂದದ್ದು ಗ್ಯಾಸಿನ ಮಾತ್ರೆ.

ಮಾತ್ರೆ ನುಂಗುತ್ತಾ ಕೂತಿದ್ದ ಒಂದು ಸಂಜೆ ಚೈತ್ರ ವಿಜ್ಞಾನದ ಪಾಠ ಜೋರಾಗಿ ಓದುತ್ತಿದ್ದಳು. ನಮ್ಮ ಜಠರ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ರವಿಸುತ್ತದೆ, ಅದು ಆಹಾರ ಜೀರ್ಣವಾಗಲು ಸಹಾಯ ಮಾಡುತ್ತದೆ.

“ಏನಂದೆ? ಇನ್ನೊಂದ್ಸಲ ಓದು,” ಎಂದೆ.

ಓದಿದಳು.

“ಅದು ನಮ್ ಸೆಂಟರ್ ಆಸಿಡ್ ಅಲ್ವೇನೆ? ಕ್ಯಾನ್ ಮೇಲೂ ಅದೇ ಹೆಸ್ರು ಐತೆ.”

“ಊಂ ಕಣವ್ವ, ಅದೇಯ. ಎಲ್ಲರ ಹೊಟ್ಟೇಲೂ ಇರ್ತದೆ.”

ಇಷ್ಟು ವರ್ಷ ಕೈಗೆ ಗ್ಲೌಸು ಹಾಕಿಕೊಂಡು ಮುಟ್ಟುತ್ತಿದ್ದದ್ದು ನನ್ನ ಹೊಟ್ಟೆಯಲ್ಲೇ ಊರುತ್ತಿದೆಯೆಂದರೆ! ಹಾಗಾದರೆ ಡಾಕ್ಟರು ಹೇಳಿದ್ದೇ ಸರಿ, ಆಸಿಡ್ ಅಂದರೂ ಆಸಿಡಿಟಿ ಅಂದರೂ ಒಂದೇ. ಸೆಂಟರಿನಲ್ಲಿ ಮೂಗಿನಿಂದ ಒಳಗೆ ಹೋದದ್ದು ಹೊಟ್ಟೆಯಲ್ಲಿರುವುದಕ್ಕೆ ಸೇರಿ ಜಾಸ್ತಿಯಾಗಿದೆ, ಮಾತ್ರೆ ನುಂಗಿದರೆ ಎರಡೂ ಒಟ್ಟಿಗೆ ಇಳಿಯುತ್ತದೆ ಎಂದು ನನ್ನ ಮೂಗಿನ ನೇರಕ್ಕೆ ಲೆಕ್ಕ ಹಾಕಿಕೊಂಡೆ. ಅಂದಿನಿಂದ ಸ್ನಾನದ ಕೆಲಸ ಮುಗಿಸಿ ಬಂದ ದಿನ ಒಂದು ಲೋಟ ತಣ್ಣನೆಯ ಹಾಲು ಹೆಚ್ಚಿಗೆ ಕುಡಿದೆ. ಆ ಮಾತ್ರೆಯ ಸಿಪ್ಪೆಗೂ ಮಾದೇಶನ ಕ್ಯಾನಿನ ಆಸಿಡ್ಡೇ ಬೇಕಾಯಿತಲ್ಲಾ ಎಂದು ನೆನಪಾಗಿ, ಯಾವುದು ಕಾಯಿಲೆ, ಯಾವುದು ಔಷಧಿ ಎಂಬುದೇ ಕಲಸುಮೇಲೋಗರವಾಯಿತು.

ಭಾನುವಾರ ಮನೆಯಲ್ಲಿದ್ದಾಗ ಕೆಮ್ಮು ಅರ್ಧಕ್ಕೆ ಇಳಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಉಂಡದ್ದಕ್ಕೆ ಹೀಗೆ, ಡಾಕ್ಟರು ಹೇಳಲಿಲ್ಲವೇ ಎಂದುಕೊಂಡೆ. ಸೋಮವಾರ ಸಂಜೆ ಮತ್ತೆ ಶುರುವಾದರೆ ಡಬ್ಬಿಯ ಚಿತ್ರಾನ್ನದ ಮೇಲೆ ತಪ್ಪು ಹೊರಿಸಿದೆ. ಚಿತ್ರಾನ್ನ ಬಿಟ್ಟೆ. ನಿಂಬೆಹಣ್ಣು ಬಿಟ್ಟೆ. ಹುಣಸೆ ಹಾಕದ ಸಪ್ಪೆ ಸಾರಿನಲ್ಲಿ ಮುದ್ದೆ ನುಂಗಿಸಿ ಮನೆಯವರ ಬಾಯನ್ನೂ ಕೆಡಿಸಿದೆ. ಅತ್ತೆ ದಿನಾ ಜೀರಿಗೆ ಕಷಾಯ, ಇಲ್ಲದಿದ್ದರೆ ದೊಡ್ಡಪತ್ರೆ ರಸ ಮಾಡಿಕೊಟ್ಟು ಮುಂದೆ ನಿಂತು ಕುಡಿಸುತ್ತಿದ್ದರು. ಅವರ ಪ್ರಕಾರ ನನಗೆ ದೃಷ್ಟಿಯಾಗಿತ್ತು.

ಸೆಂಟರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಲಲಿತ ಬೇರೆಯದೇ ಹೇಳಿದಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ಎರಡು ಮಕ್ಕಳ ತಾಯಿ, ಮಾತು ಪಟಪಟ. “ಅಕ್ಕ, ಇದು ಚಿಟ್ಟೆ ರೆಕ್ಕೆ ಪುಡಿ. ಚಿಟ್ಟೆ ರೂಮ್ನಲ್ಲಿ ಹಿಟ್ಟಿನ ಮಿಲ್ ಥರ ಹಾರ್ತದಲ್ಲ, ಅದು ಗಂಟ್ಲಿಗ್ ಓಗ್ಬುಡ್ತದೆ” ಎಂದಳು. ಅದೂ ಇರಬಹುದು ಅನ್ನಿಸಿತು. ನನಗೆ ಆಗ ಯಾರು ಏನು ಹೇಳಿದರೂ ಅದೂ ಇರಬಹುದು ಅನ್ನಿಸುತ್ತಿತ್ತು.

ಆಮೇಲೆ ಪಕ್ಕದ ಮನೆಯವರು ಟಿಬಿ ಎಂದರು. ನನ್ನ ಮುಂದಲ್ಲ, ಹಾಲಿನ ಡೈರಿಯ ಸಾಲಿನಲ್ಲಿ. ಅಲ್ಲಿಂದ ಅದು ನನ್ನ ಗಂಡನ ಕಿವಿಗೆ ಬಂತು. ಅವರು ಚೈತ್ರಳ ಚಾಪೆಯನ್ನು ನನ್ನ ಪಕ್ಕದಿಂದ ತೆಗೆದು ಹಜಾರಕ್ಕೆ ಹಾಕಿದರು. ಅದು ಸರಿಯೇ. ಆದರೂ ಎದೆಗೆ ಚೂರಿ ಹಾಕಿದಂತಾಯಿತು. ಮಾರನೇ ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಹಿಡಿಯುವ ಸಣ್ಣ ಡಬ್ಬಿ ಕೈಗೆ ಕೊಟ್ಟರು. ಮರದ ಕೆಳಗೆ ನಿಂತು ಕೆಮ್ಮಿದೆ ಕೆಮ್ಮಿದೆ, ಬೇಕಾದಾಗ ಅದೂ ಬರಲಿಲ್ಲ. ಪಕ್ಕದಲ್ಲಿ ಅದೇ ಥರದ ಡಬ್ಬಿ ಹಿಡಿದಿದ್ದ ಒಬ್ಬ ಅಜ್ಜ, “ಬಿಸ್ನೀರ್ ಕುಡಿ ಮಗ, ಬತ್ತದೆ” ಎಂದು ತನ್ನ ಬಾಟಲಿ ಚಾಚಿದ. ಅವನ ಕಾಯಿಲೆ ಏನೋ ಎಂದು ಹೆದರಿ ಬೇಡ ಎಂದೆ. ನನ್ನ ಚಾಪೆ ಬೇರೆಯಾದದ್ದಕ್ಕೆ ಬೆಳಗ್ಗೆ ಅತ್ತವಳು ನಾನೇ.

ವರದಿ ಬರುವವರೆಗಿನ ದಿನಗಳಲ್ಲಿ ನನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಿದ್ದೆ. ಅತ್ತೆ ಒಂದು ಬೆಳಗ್ಗೆ ನಾನು ಅರ್ಧ ಕುಡಿದಿಟ್ಟ ಲೋಟ ಎತ್ತಿ ಉಳಿದ ಹಾಲನ್ನು ಗಟಗಟ ಕುಡಿದುಬಿಟ್ಟರು. “ಅಯ್ಯೋ ಅತ್ತೆ!” ಎಂದೆ. “ನಂಗೇನ್ ಬಂದಾತು ಈ ವಯಸ್ಸಲ್ಲಿ? ಬಂದ್ರೆ ಇಬ್ರೂ ಒಟ್ಗೆ ಮಾತ್ರೆ ನುಂಗುದ್ರಾಯ್ತು, ಬುಡು” ಎಂದು ಲೋಟ ತೊಳೆದು ಒಲೆಯ ಮೇಲಿನ ಸಾಲಿಗೇ ಬೋರಲು ಹಾಕಿದರು. ಹೆಣ್ಣು ಕೇಳಲು ಬಂದ ದಿನದಿಂದ ನಾವಿಬ್ಬರೂ ಹಾವು ಮುಂಗುಸಿ. ಆ ಒಂದು ಲೋಟ ಹಾಲಿಗೆ ನಾನು ಅವರಿಗೆ ಈಗಲೂ ಋಣಿ.

ಟಿಬಿ ಅಲ್ಲ ಎಂದು ಬಂತು. ಚಾಪೆ ವಾಪಸು ಬಂತು. ಕೆಮ್ಮು ಹಾಗೇ ಇತ್ತು.

ಇದರ ನಡುವೆ ಇನ್ನೊಂದು ಸದ್ದಿಲ್ಲದೆ ನಡೆದಿತ್ತು. ಒಂದು ದಿನ ಒಲೆಯ ಮುಂದೆಯೇ ಕೂತು ಸೊಪ್ಪು ಸೋಸುತ್ತಿದ್ದೆ. ಗಂಡ ಹೊಲದಿಂದ ಬಂದವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರು. “ಏನೇ ಇದು, ಬೀದಿಗೆಲ್ಲ ಸೀದ ವಾಸ್ನೆ ಬತ್ತಾ ಐತೆ, ಇಲ್ಲೇ ಕುಂತಿದ್ದೀಯಾ!” ನೋಡಿದರೆ ಹಾಲು ಸೀದು ಪಾತ್ರೆ ಕರ್ರಗಾಗಿತ್ತು. ನನಗೆ ಯಾವ ವಾಸನೆಯೂ ಬಂದಿರಲಿಲ್ಲ. ಶೀತ ಎಂದೆ. ಶೀತ ಇರಲಿಲ್ಲ. ಮಲ್ಲಿಗೆ ಮೂಸಿ ನೋಡಿದೆ, ಕೊಟ್ಟಿಗೆಯಲ್ಲಿ ನಿಂತು ಉಸಿರೆಳೆದೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಯಾರಿಗೂ ಹೇಳಲಿಲ್ಲ. ಮೂಗೇ ಹೋಗಿದೆಯೆಂದರೆ ಸೆಂಟರಿನಲ್ಲಿ ಸುಶೀಲಮ್ಮ ಅಂತ ಕರೆಯಲು ಏನು ಉಳಿಯಿತು?

ಅದಾದ ಮೇಲೆ ಒಂದು ದಿನ ಗಾಜಿನ ಮೀಟರ್ ಒಡೆಯಿತು. ತೊಳೆಯುವಾಗ ಲಲಿತಳ ಕೈಜಾರಿ ತೊಟ್ಟಿಯ ಅಂಚಿಗೆ ಬಡಿದು ಎರಡು ತುಂಡು. ಹಾಳೆಗಳು ಕಾಯುತ್ತಿದ್ದವು, ಹೊತ್ತು ಮೀರಿದರೆ ಸ್ನಾನ ಮಾಡಿಸಿಯೂ ಪ್ರಯೋಜನವಿಲ್ಲ. “ನಿಮ್ ಮೂಗ್ ಐತಲ್ಲಕ್ಕ, ಮೀಟರ್ ಯಾಕೆ?” ಎಂದಳು ಲಲಿತ, ಪಾಪ, ನನ್ನನ್ನು ನಂಬಿ.

ನಾನು ಮಾಸ್ಕ್ ಕೆಳಗೆಳೆದು ಬಗ್ಗಿ ಮೂಸಿದೆ. ಬರೀ ಬಿಸಿನೀರಿನ ಹಾಗಿತ್ತು. ಆಸಿಡ್ ತೀರಾ ತೆಳು ಎಂದು ಇನ್ನಷ್ಟು ಹಾಕಿಸಿದೆ. ಮತ್ತೆ ಮೂಸಿದೆ, ಮತ್ತೆ ಹಾಕಿಸಿದೆ. ಲಲಿತ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಾಗಿಲಾಚೆಗೆ ಓಡಿದಳು, ಅವಳ ಕಣ್ಣಲ್ಲಿ ಧಾರೆ ಧಾರೆ ನೀರು. ಇವಳದ್ದು ಬಲು ನಾಜೂಕು ಎಂದು ನಕ್ಕು ನಾನು ಹಾಳೆಗಳನ್ನು ಅದ್ದಿದೆ. ಗಡಿಯಾರ ನೋಡಿ ಐದೇ ನಿಮಿಷಕ್ಕೆ ತೆಗೆದೆ.

ಆ ಮೊಟ್ಟೆಗಳು ಏಳಲೇ ಇಲ್ಲ. ಹನ್ನೆರಡನೇ ದಿನ ದೊಡ್ಡಆಲಹಳ್ಳಿಯ ರೈತರೊಬ್ಬರು ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು ಬಂದರು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. “ನಿಮ್ ಕೈದು ಅಂತ ಕೇಳಿ ಈಸ್ಕಂಡೋಗಿದ್ದೆ ಕಣವ್ವ. ಸೊಪ್ಪು ಕೊಯ್ದು ಮಡಿಕ್ಕಂಡು ಕಾಯ್ತಾ ಕುಂತಿದ್ದೆ” ಎಂದರು, ಅಷ್ಟೇ. ಸೆಂಟರಿನ ಯಜಮಾನರು ಅವರಿಗೆ ಬೇರೆ ಮೊಟ್ಟೆ ಕೊಡಿಸಿ, ನನ್ನನ್ನು ಕರೆದು, “ಸುಶೀಲಮ್ಮ, ಒಂದ್ ನಾಕ್ ದಿನ ರಜಾ ತಗೊಳಿ” ಎಂದರು. ಅವರೂ ಬೈಯಲಿಲ್ಲ. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಸಾತನೂರಿನವರೆಗೂ ಅತ್ತೆ.

ರಜೆಯಲ್ಲಿ ಹಲ್ಲುನೋವು ತೋರಿಸಿಕೊಂಡು ಬರೋಣವೆಂದು ಹೊರಟೆ. ಮುಂದಿನ ಹಲ್ಲುಗಳು ವರ್ಷದಿಂದ ಜುಮ್ಮೆನ್ನುತ್ತಿದ್ದವು, ತಣ್ಣೀರು ತಾಗಿದರೆ ಪ್ರಾಣ ಹೋಗುತ್ತಿತ್ತು. ಎದೆಯುರಿಯ ಮುಂದೆ ಅದೇನು ಮಹಾ ಎಂದು ಬಿಟ್ಟಿದ್ದೆ. ಕನಕಪುರದ ಹಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕುರ್ಚಿಯಲ್ಲಿ ಮಲಗಿಸಿ, ದೀಪ ಎಳೆದು, ಪುಟ್ಟ ಕನ್ನಡಿ ಬಾಯಿಗಿಟ್ಟು ಬಹಳ ಹೊತ್ತು ನೋಡಿದರು. ಮುಂದೆ ನೋಡಿದರು, ಹಿಂದೆ ನೋಡಿದರು, ಮತ್ತೆ ಮುಂದೆ.

“ಅಮ್ಮ, ನೀವು ಏನು ಕೆಲಸ ಮಾಡ್ತೀರಾ?”

ಒಂದೂವರೆ ವರ್ಷದಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಎಲ್ಲ ಹೇಳಿದೆ, ಎದೆಯುರಿಯ ಮಾತ್ರೆಯವರೆಗೂ. ರೇಷ್ಮೆ ಮೊಟ್ಟೆ. ಸ್ನಾನ. ಆಸಿಡ್.

“ಎದೆ ಉರಿ ಅಂತ ಮಾತ್ರೆ ತಗೋತಿದ್ದೀನಿ ಅಂದ್ರಲ್ಲ, ಅದು ಹೊಟ್ಟೆ ಆಸಿಡ್‌ಗೆ. ಹೊಟ್ಟೆಯದು ಮೇಲೆ ಬಂದು ಹಲ್ಲು ಸವೆಸಿದ್ರೆ ಹಿಂಭಾಗ ಸವೀಬೇಕಿತ್ತು. ನಿಮಗೆ ಹಿಂಭಾಗ ಚೆನ್ನಾಗಿದೆ. ಸವೆದಿರೋದು ಮುಂಭಾಗ, ಅದೂ ಬಾಯಿ ತೆರೆದಾಗ ಗಾಳಿ ತಾಗೋ ಹಲ್ಲು ಮಾತ್ರ. ನಿಮ್ಮದು ಒಳಗಿನ ಆಸಿಡ್ ಅಲ್ಲಮ್ಮ, ಹೊರಗಿನದು.”

ಕೈಗೆ ಕನ್ನಡಿ ಕೊಟ್ಟರು. ದಿನಾ ಉಜ್ಜುವ ಹಲ್ಲು, ಆದರೂ ನಾನು ಹಾಗೆ ನೋಡಿರಲಿಲ್ಲ. ನಾಲ್ಕು ಹಲ್ಲಿನ ಅಂಚು ತೆಳ್ಳಗೆ, ಗಾಜಿನಂತೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಂತಿತ್ತು. “ಹಲ್ಲಿಗೆ ಇಷ್ಟಾಗಿದ್ರೆ ಶ್ವಾಸಕೋಶಕ್ಕೆ ಏನಾಗಿರಬಹುದು? ಉಸಿರಿನ ಡಾಕ್ಟರನ್ನ ನೋಡಿ. ಹೋದಾಗ ಮೊದಲು ಕೆಲಸ ಹೇಳಿ, ಆಮೇಲೆ ಕಾಯಿಲೆ ಹೇಳಿ” ಎಂದರು.

ಮೆಟ್ಟಿಲು ಇಳಿದು ಕೆಳಗಿನ ಬೇಕರಿಯ ಮುಂದೆ ಕೂತುಬಿಟ್ಟೆ. ಈಗ ನಿಜ ಹೇಳಬೇಕು, ಇಲ್ಲದಿದ್ದರೆ ಇದನ್ನೆಲ್ಲ ಬರೆದು ಏನು ಬಂತು? ಮೊದಲ ದಿನ ಡಾಕ್ಟರು ಆಸಿಡಿಟಿನಾ ಎಂದಾಗ, ಅಲ್ಲ ಸಾರ್, ಕ್ಯಾನಿನಲ್ಲಿ ಬರುವ ಆಸಿಡ್, ದಿನಾ ಅದರ ಹೊಗೆ ಕುಡಿಯುತ್ತೇನೆ ಅನ್ನಲು ನನಗೆ ಬಾಯಿತ್ತು. ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಹೊಟ್ಟೆಯ ಆಸಿಡ್ ಆದರೆ ಮಾತ್ರೆ ನುಂಗಿ ಕೆಲಸಕ್ಕೆ ಹೋಗಬಹುದು. ಸೆಂಟರಿನ ಆಸಿಡ್ ಆದರೆ ಕೆಲಸ ಬಿಡಿ ಅನ್ನುತ್ತಾರೆ. ಅದಕ್ಕೇ ತಲೆ ಅಲ್ಲಾಡಿಸಿದ್ದು. ಗೊತ್ತಿತ್ತೇ ಎಂದು ಕೇಳಿದರೆ ಗೊತ್ತಿತ್ತು. ಗೊತ್ತಿರಲಿಲ್ಲವೇ ಎಂದರೆ ಅದೂ ಹೌದು. ಎರಡೂ ಹೇಗೆ ನಿಜವಾಗುತ್ತದೋ ನನಗೆ ಇವತ್ತಿಗೂ ತಿಳಿಯದು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಹಗ್ಗ ಹೊಸೆಯುತ್ತಲೇ ಕೇಳಿಸಿಕೊಂಡರು.

“ಅಂದ್ರೆ ನಮ್ ಹುಳ ಏಳ್ಲಿ ಅಂತ ನೀನು ಉಸ್ರು ಕಳ್ಕಂಡಿದ್ದೀಯಾ?” ಎಂದರು.

“ನಾನೇನ್ ಬೇಕೂಂತ ಕಳ್ಕಂಡಿಲ್ಲ.”

“ಬೇಕೂಂತ ಅಂದ್ನಾ ನಾನು? ನಾಳೀಕೆ ರಾಮನಗರಕ್ಕೆ ಓಗವ. ಹಾಲು ಕರ್ದು ಏಳ್ ಗಂಟೆ ಬಸ್ಸಿಗೆ.”

ರಾಮನಗರದ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಎರಡು ಸಾಲು ಬಾಯಿಪಾಠ ಮಾಡಿದೆ. ಒಳಗೆ ಹೋದವಳೇ ನಮಸ್ಕಾರವನ್ನೂ ಮರೆತು ಹೇಳಿಬಿಟ್ಟೆ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಿಧಾನ, ಮೊದಲಿಂದ ಹೇಳಿ” ಎಂದರು. ಆಮೇಲೆ ಒಂದು ಪೈಪು ಬಾಯಿಗೆ ಕೊಟ್ಟು ಊದಿಸಿದರು. ಯಂತ್ರದ ಹುಡುಗಿ ಜಾತ್ರೆಯ ಪೀಪಿ ಮಾರುವವಳಂತೆ, “ಊದಿ ಊದಿ ಊದಿ, ಬಿಡಬೇಡಿ, ಊದೀ!” ಎಂದು ಕೂಗಿದಳು. ಹೊರಗೆ ಕೂತಿದ್ದ ನನ್ನ ಗಂಡ ಏನೋ ಆಯಿತೆಂದು ಎದ್ದು ಒಳಗೇ ಬಂದುಬಿಟ್ಟರು.

ಮನೆಗೂ ಒಂದು ಪುಟ್ಟ ಊದುವ ಮೀಟರ್ ಕೊಟ್ಟರು. ಬೆಳಗ್ಗೆ, ಸಂಜೆ ಊದಿ ಬರೆದಿಡಬೇಕು, ಎರಡು ವಾರ ಎಂದಿನಂತೆ ಕೆಲಸಕ್ಕೆ ಹೋಗಿ, ಎರಡು ವಾರ ಮನೆಯಲ್ಲಿದ್ದು. ಆದರೆ ಮಾಸ್ಕ್ ಒಂದು ಸಲವೂ ಕೆಳಗಿಳಿಯಕೂಡದು, ಉಸಿರು ಕಟ್ಟಿದರೆ ಅವತ್ತೇ ಬಂದುಬಿಡಬೇಕು ಎಂದರು. ಚೈತ್ರ ಅದನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದಳು. ಕೆಲಸದ ದಿನಗಳಲ್ಲಿ ಗೆರೆ ಇಳಿಯುತ್ತಿತ್ತು, ಭಾನುವಾರ ಏಳುತ್ತಿತ್ತು. ರಜೆಯ ಎರಡು ವಾರ ಏರಿ ಅಲ್ಲೇ ನಿಂತಿತು. ಆ ರಜೆಯಲ್ಲಿ ನಾನು ಹಟಕ್ಕೆ ದಿನಾ ಚಿತ್ರಾನ್ನ ತಿಂದಿದ್ದೆ.

ಡಾಕ್ಟರು ಗ್ರಾಫ್ ನೋಡಿ, “ಕೆಲಸದಿಂದ ಬಂದಿರೋ ಆಸ್ತಮಾ” ಎಂದರು. ಕೊನೆಗೂ ಒಂದು ಹೆಸರು ಸಿಕ್ಕಿತೆಂದು ನಾನು ನೆಟ್ಟಗೆ ಕೂತೆ. ಅಷ್ಟರಲ್ಲಿ ಅವರು, “ಆಸಿಡ್ ಹೊಗೆಯಿಂದಲೂ ಇರಬಹುದು, ಆ ಚಿಟ್ಟೆ ಪುಡಿಯಿಂದಲೂ ಇರಬಹುದು. ಎರಡೂ ಸೇರಿರಬಹುದು. ಯಾವುದು ಎಷ್ಟು ಅಂತ ನಾನು ತೂಕ ಹಾಕಿ ಹೇಳೋಕಾಗಲ್ಲ” ಎಂದರು. ಚೀಟಿ ಬರೆದು ಮುಗಿಸುವಾಗ ನೆನಪಾದಂತೆ, “ಅಂದಹಾಗೆ ನಿಮಗೆ ಒಂದಿಷ್ಟು ಆಸಿಡಿಟಿನೂ ಇದೆ” ಎಂದು ಸೇರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ನಗುತ್ತಾ ಕೆಮ್ಮು ಬಂತು, ಕೆಮ್ಮುತ್ತಾ ಅಳು ಬಂತು, ಗಂಡ ಬೆನ್ನು ಸವರಿದರು.

ಈಗ ಎರಡು ವರ್ಷವಾಯಿತು. ಬೆಳಗ್ಗೆ ಸಂಜೆ ಇನ್ಹೇಲರ್ ಎಳೆಯುತ್ತೇನೆ. ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿಸಿದವರಿಗೆ, ಉಸಿರಾಡುವುದೂ ಅಭ್ಯಾಸವೇ ಅಲ್ಲವೇ ಅನ್ನುತ್ತೇನೆ. ಮೂಗು ಅರ್ಧ ವಾಪಸು ಬಂದಿದೆ. ಒಗ್ಗರಣೆ ಬರುತ್ತದೆ, ಮಳೆ ಬಿದ್ದ ಮಣ್ಣು ಬರುತ್ತದೆ, ಮಲ್ಲಿಗೆ ಇನ್ನೂ ಇಲ್ಲ. ಕೆಲವು ದಿನ ಏನೂ ಕಾರಣವಿಲ್ಲದೆ ಎದೆ ಕಟ್ಟುತ್ತದೆ. ಆ ದಿನ ಮತ್ತೆ ಎಲ್ಲವೂ ಗೋಜಲು, ಮೋಡವೋ, ಧೂಳೋ, ಹಳೆಯ ಆಸಿಡ್ಡೋ ಎಂದು ಯೋಚಿಸುತ್ತಾ ಕೂರುತ್ತೇನೆ. ಇದನ್ನು ಓದುವವರಲ್ಲಿ ಯಾರಿಗಾದರೂ ಹೀಗೆ ಏನೆಂದು ತಿಳಿಯದ ಕಾಯಿಲೆ ಇದ್ದರೆ, ತಿಳಿಯದೆಯೂ ಬದುಕಬಹುದು ಎಂದಷ್ಟೇ ನಾನು ಹೇಳಬಲ್ಲೆ.

ಯಜಮಾನರು ಸ್ನಾನದ ಕೋಣೆಗೆ ದೊಡ್ಡ ಫ್ಯಾನು ಹಾಕಿಸಿದರು, ಹೊಸ ಮಾಸ್ಕ್ ತರಿಸಿದರು. ನನ್ನನ್ನು ಮೊಟ್ಟೆ ಎದ್ದಿದೆಯೋ ಇಲ್ಲವೋ ನೋಡುವ ಹೊರಗಿನ ಕೋಣೆಗೆ ಹಾಕಿದ್ದಾರೆ. ಸ್ನಾನ ಈಗ ಲಲಿತಳದ್ದು. ಚೆನ್ನಾಗಿ ಕಲಿತಿದ್ದಾಳೆ, ರೈತರು ಈಗ ಅವಳ ಹೆಸರು ಹೇಳಿ ಕೇಳುತ್ತಾರೆ. ಮೊದಮೊದಲು ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಅವಳು ಮೀಟರ್ ಇಲ್ಲದೆ ಕೆಲಸ ಮಾಡುವುದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಳೆದ ತಿಂಗಳು ಊಟದ ಹೊತ್ತಿನಲ್ಲಿ ಲಲಿತ ಡಬ್ಬಿ ತೆರೆದವಳು ಕೆಮ್ಮತೊಡಗಿದಳು. ನೀರು ಕುಡಿದಳು, ಬಾಟಲಿ ತುಟಿಗೆ ತಾಗುತ್ತಲೇ ಮುಖ ಹಿಂಡಿದಳು.

“ಏನಾಯ್ತೇ?” ಎಂದೆ.

“ಏನಿಲ್ಲಕ್ಕ. ಒಸಿ ಆಸಿಡಿಟಿ ಅಷ್ಟೆ.”

ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿದೆ. “ಯಾರ್ ಹೇಳಿದ್ರು ಆಸಿಡಿಟಿ ಅಂತ?”

“ಕ್ಲಿನಿಕ್ನಲ್ಲಿ. ಮಾತ್ರೆ ಕೊಟ್ಟವ್ರೆ.”

“ಮಾಸ್ಕ್ ಕೆಳಗೆ ಎಳ್ಕತೀಯಾ?”

ಅವಳು ಮುಖ ಆಚೆ ತಿರುಗಿಸಿದಳು. “ಮೀಟರ್ ಬುಡೋಕ್ ಮುಂಚೆ ಒಂದೇ ಒಂದ್ ಸಲ. ನೀವೂ ಹಂಗೇ ಅಲ್ವಾ ಮಾಡ್ತಿದ್ದಿದ್ದು? ನಿಮ್ಮನ್ ನೋಡೇ ಕಲ್ತಿದ್ದು.”

ನಾನು ಎದ್ದು ಕೈ ತೊಳೆದು, ಅವಳ ಗಲ್ಲ ಹಿಡಿದು ಬಾಗಿಲ ಬೆಳಕಿಗೆ ಕರೆದುಕೊಂಡು ಬಂದೆ. “ಬಾಯಿ ತೆಗಿ. ಹಲ್ಲು ತೋರ್ಸು” ಎಂದೆ. ಅವಳು ನಗುತ್ತಾ ತುಟಿ ಬಿಗಿ ಹಿಡಿದಳು. ಆಮೇಲೆ ನಗುವುದನ್ನು ನಿಲ್ಲಿಸಿ ಬಾಯಿ ತೆರೆದಳು.

ಮಾರನೇ ದಿನ ಇಬ್ಬರೂ ರಜೆ ಹಾಕಿ ರಾಮನಗರದ ಬಸ್ಸಿಗೆ ಕಾಯುತ್ತಾ ನಿಂತಿದ್ದೆವು. ಕ್ಯಾನಿನ ಮೇಲಿನ ಚೀಟಿಯನ್ನು ಕಿತ್ತು ನನ್ನ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ.

“ಒಳಗೆ ಓದ್ಮೇಲೆ ಮೊದ್ಲು ಏನ್ ಹೇಳ್ತೀಯಾ?” ಎಂದು ಕೇಳಿದೆ.

“ಆಸಿಡ್ ಅಂತೀನಿ.”

“ಅಷ್ಟೇ ಅಂದ್ರೆ ಆಗಾಕಿಲ್ಲ ಕಣೆ.”

“ಮೊದ್ಲು ಕೆಲ್ಸ ಹೇಳ್ತೀನಿ. ಆಮೇಕೆ ಚೀಟಿ ತೋರುಸ್ತೀನಿ.” ನನ್ನ ಪರ್ಸಿನ ಕಡೆ ನೋಡಿ ಕೇಳಿದಳು, “ಅಕ್ಕ, ಹಂಗ್ ಹೇಳ್ಬುಟ್ರೆ ನನ್ ಕೆಲ್ಸ ಓಯ್ತದಾ?”

ಇದೇ ಪ್ರಶ್ನೆಗೆ ಹೆದರಿ ನಾನು ಒಂದೂವರೆ ವರ್ಷ ತಲೆ ಅಲ್ಲಾಡಿಸಿದ್ದೆ. ಹೋಗುವುದಿಲ್ಲ ಎಂದು ಸುಳ್ಳು ಹೇಳಬಹುದಿತ್ತು.

“ಗೊತ್ತಿಲ್ಲ ಕಣೆ ಲಲಿತ,” ಎಂದೆ. ಅವಳ ಕೈ ಹಿಡಿದುಕೊಂಡು, ಬರುತ್ತಿದ್ದ ಬಸ್ಸಿಗೆ ಇನ್ನೊಂದು ಕೈ ಅಡ್ಡ ಹಾಕಿದೆ.